12 ದಿನ, 7 ನಗರ, ಜೊತೆಗೆ ತಮ್ಮ: ಯೂರೇಲ್ ಪಾಸ್ ಕೊಳ್ಳಲೇ, ಬಿಡಿ ಟಿಕೆಟ್ ತಗೊಳ್ಳಲೇ?

12 ದಿನದಲ್ಲಿ ತಮ್ಮನ ಜೊತೆ ಯುರೋಪಿನ 7 ನಗರ ನೋಡಬೇಕು, ಹಲವು ದೇಶಗಳ ರೈಲಿಗೆ ನಡೆಯುವ ಯೂರೇಲ್ ಪಾಸ್ ಕೊಳ್ಳಲೇ ಅಂತ ಕೇಳಿದ್ದೀರಿ. ಪಾಸೋ ಟಿಕೆಟ್ಟೋ ಅನ್ನೋದು ಆಮೇಲಿನ ಮಾತು. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಪ್ರಾಗ್, ವಿಯೆನ್ನಾ, ವೆನಿಸ್, ರೋಮ್ ಅನ್ನುವ ನಿಮ್ಮ ಪಟ್ಟಿ ನೋಡಿದೆ; ನಾನೂ ನನ್ನ ತಮ್ಮನೂ ಮೊದಲು ಬರೆದುಕೊಂಡಿದ್ದ ಪಟ್ಟಿಯೂ ಹೆಚ್ಚುಕಡಿಮೆ ಇದೇ. 12 ದಿನಕ್ಕೆ ಮೂರು ಊರು ಸಾಕು. ಪ್ರಾಗ್, ವಿಯೆನ್ನಾ ಇಟ್ಟುಕೊಳ್ಳಿ, ಬುಡಾಪೆಸ್ಟ್ ಸೇರಿಸಿ, ಉಳಿದದ್ದನ್ನೆಲ್ಲ ಹೊಡೆದುಹಾಕಿ. ಮೂರೂ ಒಂದೇ ರೈಲು ದಾರಿಯಲ್ಲಿವೆ: ಪ್ರಾಗ್‌ನಿಂದ ವಿಯೆನ್ನಾಗೆ ಸುಮಾರು 4 ಗಂಟೆ, ಅಲ್ಲಿಂದ ಬುಡಾಪೆಸ್ಟ್‌ಗೆ ಎರಡೂಮುಕ್ಕಾಲು.

ನಿಮ್ಮ ಪಟ್ಟಿಯಲ್ಲಿ ಕೈ ಸುಡುವುದು ಒಂದೇ ಕಡೆ, ಅದನ್ನು ಬಿಡಿಸಿಯೇ ಹೇಳುತ್ತೇನೆ. ಪಾಸ್ ಇದ್ದರೆ ಸೀಟೂ ಇದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲ. ಫ್ರಾನ್ಸಿನ ವೇಗದ ರೈಲು ಟಿಜಿವಿ, ಇಟಲಿಯ ಫ್ರೆಚ್ಚಾರೊಸ್ಸಾ, ಪ್ಯಾರಿಸ್–ಆಮ್‌ಸ್ಟರ್‌ಡ್ಯಾಮ್ ಯೂರೋಸ್ಟಾರ್, ರಾತ್ರಿಯ ನೈಟ್‌ಜೆಟ್, ಇವಕ್ಕೆಲ್ಲ ರಿಸರ್ವೇಶನ್ ಕಡ್ಡಾಯ. ಅದಕ್ಕೆ ಬೇರೆ ದುಡ್ಡು, ಇಬ್ಬರಿಗೂ, ಪ್ರತಿ ಸಲವೂ. ಟಿಜಿವಿ, ಯೂರೋಸ್ಟಾರ್‌ನಲ್ಲಿ ಪಾಸ್‌ನವರಿಗೆ ಇಷ್ಟೇ ಸೀಟು ಅಂತ ಕೋಟಾ ಇರುತ್ತದೆ. ಅದು ಮುಗಿದರೆ ರೈಲು ಅರ್ಧ ಖಾಲಿ ಇದ್ದರೂ ಪಾಸ್ ಮೇಲೆ ಸಿಗುವುದಿಲ್ಲ, ಕೊನೇ ಗಳಿಗೆಯ ಪೂರ್ತಿ ದರ ಕೊಡಬೇಕು. 7 ದಿನದ ಪಾಸ್ ಅಂದರೆ ಒಂದು ತಿಂಗಳೊಳಗೆ 7 ಪ್ರಯಾಣದ ದಿನ, ಪ್ರತಿ ದಿನವೂ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ರಾತ್ರಿ ರೈಲಿನಲ್ಲಿ ಹತ್ತಿದ ದಿನ ಮಾತ್ರ ಲೆಕ್ಕಕ್ಕೆ ಬರುತ್ತದೆ. ಆದರೆ ರಾತ್ರಿ 12 ಗಂಟೆ ದಾಟಿದ ಮೇಲೆ ರೈಲು ಬದಲಾಯಿಸಿದರೆ ಇನ್ನೊಂದು ದಿನ ಖರ್ಚು.

ಇನ್ನು ಜರ್ಮನಿ, ಆಸ್ಟ್ರಿಯಾ, ಚೆಕ್ ಕಡೆ ಬಹುತೇಕ ರೈಲಿಗೆ ರಿಸರ್ವೇಶನ್ ಬೇಕಿಲ್ಲ. ಆದರೆ ಅಲ್ಲಿ ಮುಂಚಿತವಾಗಿ ಕೊಂಡ ಬಿಡಿ ಟಿಕೆಟ್ಟೇ ಅಗ್ಗ. ಹಾಗಾಗಿ ಪಾಸ್ ಸಲೀಸಾಗಿ ನಡೆಯುವ ಕಡೆ ಅದರಿಂದ ಲಾಭವಿಲ್ಲ, ಲಾಭವಿರುವ ಕಡೆ ಅದು ಸಲೀಸಲ್ಲ. ನಾನು ಹೇಳಿದ ದಾರಿಗೆ ಪಾಸ್ ಬೇಡವೇ ಬೇಡ. ಆಸ್ಟ್ರಿಯಾ ರೈಲ್ವೆಯ ಆ್ಯಪ್‌ನಲ್ಲಿ ಸ್ಪಾರ್‌ಶೀನೆ ಅನ್ನುವ ಅಗ್ಗದ ಮುಂಗಡ ದರ ನೋಡಿ. ಅದು ಆ ಒಂದು ರೈಲಿಗಷ್ಟೇ ನಡೆಯುತ್ತದೆ, ನಿಮ್ಮಿಂದ ತಪ್ಪಿದರೆ ದುಡ್ಡು ಹೋಯಿತು.

ಟಿಕೆಟ್ ಜೊತೆ ಸೀಟು ಬರುವುದಿಲ್ಲ, ಮೂರ್ನಾಲ್ಕು ಯೂರೋ ಹೆಚ್ಚಿಗೆ ಕೊಟ್ಟು ಕಾದಿರಿಸಿ. ಕಾದಿರಿಸದಿದ್ದರೆ ಈ ದಾರಿಯ ವೇಗದ ರೈಲು ರೈಲ್‌ಜೆಟ್‌ನಲ್ಲಿ ಸೀಟಿನ ಮೇಲಿನ ಪುಟ್ಟ ಪರದೆ ನೋಡಿ. ಅದರಲ್ಲಿ ‘ಪ್ರಾಹಾ–ಬ್ರನೋ’ (ಪ್ರಾಹಾ ಅಂದರೆ ಪ್ರಾಗ್, ಬ್ರನೋ ದಾರಿಯಲ್ಲಿ ಸಿಗುವ ಊರು) ಅಂತಿದ್ದರೆ ಬ್ರನೋ ಆದಮೇಲೆ ಆ ಸೀಟು ಖಾಲಿ.

ಊರು ಬದಲಿಸಿದ ದಿನವನ್ನು ನೋಡುವ ದಿನ ಅಂತ ಲೆಕ್ಕ ಹಾಕಬೇಡಿ. ಬೆಳಗ್ಗೆ 10–11ಕ್ಕೆ ರೂಮು ಬಿಡಬೇಕು, ಮಧ್ಯಾಹ್ನ 3ರವರೆಗೆ ಮುಂದಿನ ರೂಮು ಸಿಗುವುದಿಲ್ಲ. 4 ಗಂಟೆ ಹಿಡಿಯುವ ರೈಲು ಪ್ರಯಾಣ ಅಂದರೆ ದಿನ ಮುಗಿಯಿತು. 7 ಊರಿಗೆ ಇಂಥ 6 ದಿನ.

ಪ್ರಾಗ್‌ನಲ್ಲಿ ಇಳಿದು ಬುಡಾಪೆಸ್ಟ್‌ನಿಂದ ವಾಪಸ್ ಹಾರಿ. ಬುಕ್ ಮಾಡುವಾಗ ರಿಟರ್ನ್ ಬಿಟ್ಟು ‘ಮಲ್ಟಿ ಸಿಟಿ’ ಒತ್ತಬೇಕು. ರಾತ್ರಿಗಳು ಪ್ರಾಗ್‌ನಲ್ಲಿ 3, ವಿಯೆನ್ನಾದಲ್ಲಿ 3, ಬುಡಾಪೆಸ್ಟ್‌ನಲ್ಲಿ 4. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾ ಹೆಚ್ಚು ರಾತ್ರಿ ಕಳೆಯುವ ದೇಶದ್ದು, ಅಂದರೆ ಇಲ್ಲಿ ಬುಡಾಪೆಸ್ಟ್ ಇರುವ ಹಂಗೇರಿಯದು. ಅಪಾಯಿಂಟ್‌ಮೆಂಟ್ ಸುಲಭವಾಗಿ ಸಿಕ್ಕಿತು ಅಂತ ಬೇರೆ ದೇಶಕ್ಕೆ ಹಾಕಬೇಡಿ. ಶುಲ್ಕ ತಲಾ 90 ಯೂರೋ. ವಿಮೆ ಕನಿಷ್ಠ 30,000 ಯೂರೋದ್ದು. ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಬೆಂಗಳೂರಿನಲ್ಲಿ ಬೇಸಿಗೆ ಸಮಯಕ್ಕೆ ಬೇಗ ಹಾಕುವುದೇ ಒಳ್ಳೆಯದು.

ಅಣ್ಣ, ಅಕ್ಕ, ತಮ್ಮ ಯಾರೇ ಆಗಲಿ, ಅರ್ಜಿ ಅವರವರದು. ತಮ್ಮನ ಖರ್ಚು ನೀವೇ ಹಾಕುವುದಾದರೆ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್, ಖರ್ಚು ಭರಿಸುವ ಪತ್ರ, ಒಡಹುಟ್ಟಿದವರು ಅನ್ನೋದಕ್ಕೆ ದಾಖಲೆ ಅವನ ಕಡತದಲ್ಲಿರಲಿ. ನಮ್ಮ ಕಡೆ ಒಬ್ಬರ ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಇನಿಶಿಯಲ್ಲು, ಇನ್ನೊಬ್ಬರದರಲ್ಲಿ ಪೂರ್ತಿ ಇರುತ್ತದಲ್ಲ, ಅಂಥ ಕಡೆ ಇಬ್ಬರದೂ ಜನನ ಪ್ರಮಾಣಪತ್ರ ಇಟ್ಟರೆ ಅನುಮಾನಕ್ಕೆ ಜಾಗವಿರದು. ವಿಮಾನದ ಟಿಕೆಟ್ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಇರಬೇಕು.

ರೂಮು ಕಾದಿರಿಸುವಾಗ ‘ಡಬಲ್’ ಅಲ್ಲ, ‘ಟ್ವಿನ್’ ಅಂತ ಹಾಕಿ. ಇಲ್ಲದಿದ್ದರೆ ಇಬ್ಬರಿಗೂ ಒಂದೇ ದೊಡ್ಡ ಮಂಚ. ಈ ಊರುಗಳಲ್ಲಿ ಮೆಟ್ರೋ, ಟ್ರಾಮ್‌ನ ಕಾಗದದ ಟಿಕೆಟ್ ಮೇಲೆ ದಿನಾಂಕ, ಸಮಯ ಮೊದಲೇ ಅಚ್ಚಾಗಿರದಿದ್ದರೆ, ಅದಕ್ಕೆ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳದಿದ್ದರೆ ದಂಡ, ಕೈಯಲ್ಲಿ ಟಿಕೆಟ್ ಇದ್ದರೂ.