ಉತ್ತರ: ‘ಚಿತ್ರಕ್ಕೆ ವಿಷಯವೇ ಸಿಗುತ್ತಿಲ್ಲ, ಬಾದಾಮಿಗೆ ಹೋಗಿ ಬರುತ್ತೇನೆ’ ಎಂದವರಿಗೆ

ನಮ್ಮ ಬಣ್ಣದ ಪೆನ್ಸಿಲ್ ಗುಂಪಿನ ವಿಜಯಪುರದ ಸದಸ್ಯರೇ, ನೀವು ನಿನ್ನೆ ರಾತ್ರಿ ಹಾಕಿದ ಬರಹವನ್ನೂ ಅದರ ಜೊತೆಗಿದ್ದ ಅರ್ಧ ಮುಗಿದ ಮಕಾವ್ ಗಿಳಿಯನ್ನೂ ನೋಡಿದೆ. 120 ಬಣ್ಣದ ಪೆನ್ಸಿಲ್‌ಗಳ ಪೆಟ್ಟಿಗೆ ಕೊಂಡು ಎರಡು ತಿಂಗಳಾಯಿತು, ಮೊಬೈಲಿನಲ್ಲಿ 300 ರೆಫರೆನ್ಸ್ ಫೋಟೊ ಕೂಡಿಹಾಕಿದ್ದಾಯಿತು, ಆದರೂ ಕೈ ಓಡುತ್ತಿಲ್ಲ, ಸ್ಫೂರ್ತಿಗಾಗಿ ಮುಂದಿನ ವಾರ ಬಾದಾಮಿಗೆ ಹೋಗುತ್ತೇನೆ, ಅಷ್ಟರೊಳಗೆ ಗಿಳಿಯ ಹಿಂದಿನ ಕಪ್ಪಿನ ಮೇಲೆ ಕೂತಿರುವ ಬಿಳಿ ಪೊರೆಗೆ ಏನು ಮಾಡಲಿ ಎಂದು ಕೇಳಿದ್ದೀರಿ. ಉತ್ತರ ಕೊಟ್ಟವರಲ್ಲಿ ಹೆಚ್ಚಿನವರು ಇನ್ನೊಂದು ಕಂಪನಿಯ ಪೆನ್ಸಿಲ್ ಕೊಳ್ಳಲು ಹೇಳಿದ್ದಾರೆ. ದಯವಿಟ್ಟು ಅದನ್ನು ಕೊಳ್ಳಬೇಡಿ. ಈ ಗುಂಪಿನಲ್ಲಿ ನಾನು ಸಾಮಾನ್ಯವಾಗಿ ಓದಿ ಸುಮ್ಮನಾಗುವವರ ಪೈಕಿ, ಆದರೆ ಆ ಗಿಳಿಯನ್ನು ಕಂಡ ಮೇಲೆ ಸುಮ್ಮನಿರಲಾಗಲಿಲ್ಲ. ಆರು ವರ್ಷಗಳ ಹಿಂದೆ ಅದೇ ಗಿಳಿಯನ್ನು, ಅದೇ ಕಪ್ಪು ಹಿನ್ನೆಲೆಯೊಂದಿಗೆ, ನಾನೂ ಬರೆದಿದ್ದೆ.

ಒಂದು ಪ್ರದರ್ಶನಕ್ಕೆ ಕೊಡಬೇಕೆಂದು, ಅಂತರ್ಜಾಲದಿಂದ ಇಳಿಸಿಕೊಂಡ ಫೋಟೊವನ್ನು ಎದುರಿಗಿಟ್ಟುಕೊಂಡು 43 ಸಂಜೆ ಕುಳಿತಿದ್ದೆ. ಗರಿಗರಿಯೂ ಫೋಟೊದಲ್ಲಿದ್ದಂತೆಯೇ ಬಂದಿತ್ತು. ಹಿನ್ನೆಲೆಗೆ ಮೇಣದ ಅಂಶ ಹೆಚ್ಚಿರುವ ಕಪ್ಪು ಪೆನ್ಸಿಲನ್ನು ಒತ್ತಿ ಒತ್ತಿ ಐದು ಪದರ ತುಂಬಿದ್ದೆ. ಹದಿನೈದು ದಿನ ಕಳೆಯುವುದರೊಳಗೆ, ಹೊಸದಾಗಿ ಕೊಯ್ದ ದ್ರಾಕ್ಷಿಯ ಮೇಲಿರುತ್ತದಲ್ಲ, ಅಂಥ ಬೂದುಬಿಳುಪು ಅದರ ಮೇಲೆ ಏರಿತು. ನಿಮ್ಮದೂ ಅದೇ, ಪೆನ್ಸಿಲಿನ ಮೇಣ ಮೇಲೆದ್ದು ಕೂರುವ ವ್ಯಾಕ್ಸ್ ಬ್ಲೂಮ್. ಮೆತ್ತನೆಯ ಹತ್ತಿಬಟ್ಟೆಯಿಂದ ಒತ್ತದೆ ಒರೆಸಿದರೆ ಹೋಗುತ್ತದೆ. ಚಿತ್ರ ಮುಗಿದ ಮೇಲೆ ಬಣ್ಣವನ್ನು ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇಯನ್ನು ಎರಡು ಮೂರು ಸಲ ತೆಳುವಾಗಿ ಹೊಡೆದರೆ ಬಹುಮಟ್ಟಿಗೆ ಮರಳುವುದಿಲ್ಲ. ಆದರೆ ನನ್ನ ಸೋಲು ಆ ಪೊರೆಯಲ್ಲಿರಲಿಲ್ಲ. ಚಿತ್ರ ಒಪ್ಪಿಸಲು ಹೋದಾಗ ಆಯೋಜಕರು, ಫೋಟೊ ತೆಗೆದವರು ಯಾರು, ಅವರ ಅನುಮತಿ ಇದೆಯೇ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ, ಚಿತ್ರ ನನ್ನೊಂದಿಗೇ ಮನೆಗೆ ಮರಳಿತು. ಅವ್ವ ಅದನ್ನು ಬಿಡಿಸಿ ನೋಡಿ, ‘ಚಂದ ಐತಿ, ಈ ಹಕ್ಕೀನ ನೀ ಎಲ್ಲಿ ನೋಡಿದ್ದಿ?’ ಎಂದಳು. ನಾನು ನೋಡಿರಲಿಲ್ಲ. ಅದರ ಕೊಕ್ಕಿನ ಮೇಲಿನ ಹೊಳಪು ಬಯಲಿನ ಬೆಳಕಿನದೋ ಸ್ಟುಡಿಯೋ ದೀಪದ್ದೋ ಎಂಬುದೂ ನನಗೆ ತಿಳಿದಿರಲಿಲ್ಲ; ಕ್ಯಾಮೆರಾ ಕೊಟ್ಟದ್ದನ್ನು ಗುಮಾಸ್ತನಂತೆ ನಕಲು ಮಾಡಿದ್ದೆ.

ಆಮೇಲೆ ಮೂರು ತಿಂಗಳು ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಮತ್ತೆ ತೆರೆಯುವಂತೆ ಮಾಡಿದ್ದು ಒಂದು ಹಳೆಯ ಕುಪ್ಪಸ. ಅವ್ವನ ತವರು ಗುಳೇದಗುಡ್ಡ. ಅಜ್ಜಿಯ ಟ್ರಂಕಿನಲ್ಲಿದ್ದ, ಅಲ್ಲಿಯ ಖಣವೆಂಬ ನೇಯ್ದ ಬಟ್ಟೆಯ ಕುಪ್ಪಸಗಳನ್ನು ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುವ ರೂಢಿ ನಮ್ಮಲ್ಲಿದೆ. ಬಾಗಲಕೋಟೆ ನವನಗರದ ನಮ್ಮ ಮನೆಯ ಮಾಳಿಗೆಯ ಮೇಲೆ, ಬೆಳಗಿನ ಎಂಟರ ಸುಮಾರಿಗೆ, ಹಗ್ಗದ ಮೇಲಿದ್ದ ಒಂದು ನೇರಳೆ ಕುಪ್ಪಸ ಗಾಳಿಗೆ ಅಲುಗಿದಾಗಲೆಲ್ಲ ಗುಲಾಬಿಗೆ ತಿರುಗಿ ಮತ್ತೆ ನೀಲಿಗೆ ಮರಳುತ್ತಿತ್ತು. ಕನ್ನಡಕ ಏರಿಸಿ ಹತ್ತಿರದಿಂದ ನೋಡಿದರೆ, ಆ ಬಟ್ಟೆಯಲ್ಲಿ ನೇರಳೆಯ ಎಳೆ ಒಂದೂ ಇರಲಿಲ್ಲ. ಉದ್ದದ ಹಾಸು ಗುಲಾಬಿ, ಅಡ್ಡದ ಹೊಕ್ಕು ಕಡುನೀಲಿ; ನೇರಳೆ ಹುಟ್ಟುತ್ತಿದ್ದದ್ದು ನನ್ನ ಕಣ್ಣಿನಲ್ಲಿ. ಬಣ್ಣದ ಪೆನ್ಸಿಲಿನವರು ಮಾಡುವುದೂ ಇದನ್ನೇ ಅಲ್ಲವೇ? ಜಲವರ್ಣದವರಂತೆ ನಾವು ತಟ್ಟೆಯಲ್ಲಿ ಬಣ್ಣ ಕಲಸುವುದಿಲ್ಲ, ಒಂದರ ಮೇಲೊಂದು ತೆಳು ಪದರ ಹಾಕಿ ಕೆಳಗಿನದು ಮೇಲಿನದರೊಳಗಿಂದ ಕಾಣುವಂತೆ ಬಿಡುತ್ತೇವೆ.

ಅಂದಿನಿಂದ ನಾನು ಹಿಡಿದ ದಾರಿಗೆ ‘ಹಾಸು-ಹೊಕ್ಕು’ ಎಂದೇ ಹೆಸರಿಟ್ಟುಕೊಂಡಿದ್ದೇನೆ, ನಗುವವರು ನಗಲಿ. ಆರು ಸೆಂಟಿಮೀಟರ್ ಚೌಕ ಹಾಕಿಕೊಳ್ಳಿ, ಅದಕ್ಕಿಂತ ದೊಡ್ಡದು ಬೇಡ. ಖಣದ ಚಿಕ್ಕಿಗಳು ಎಲ್ಲಿ ಬರಬೇಕೋ ಅಲ್ಲಿ ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಮೊದಲೇ ಒತ್ತಿಡಿ; ತಗ್ಗಾದ ಜಾಗಕ್ಕೆ ಪೆನ್ಸಿಲ್ ಇಳಿಯುವುದಿಲ್ಲವಾದ್ದರಿಂದ ಆ ಚುಕ್ಕೆಗಳು ಕೊನೆಯವರೆಗೂ ಕಾಗದದ ಬಿಳುಪಿನಲ್ಲೇ ಉಳಿಯುತ್ತವೆ. ಆಮೇಲೆ ಗುಲಾಬಿಯನ್ನು ಉದ್ದಕ್ಕೆ ಮಾತ್ರ, ನೀಲಿಯನ್ನು ಅಡ್ಡಕ್ಕೆ ಮಾತ್ರ, ಪೆನ್ಸಿಲಿನ ಸ್ವಂತ ಭಾರದಷ್ಟೇ ಒತ್ತಡದಲ್ಲಿ ಎಳೆಯಿರಿ. ನೆರಿಗೆಯ ಉಬ್ಬಿನ ಮೇಲೆ ಗುಲಾಬಿಗೆ ಇನ್ನೊಂದು ಪದರ, ನೆರಿಗೆಯ ತಗ್ಗಿನಲ್ಲಿ ನೀಲಿಗೆ ಇನ್ನೆರಡು ಪದರ. ನೆರಳಿಗೆಂದು ಕಪ್ಪನ್ನು ತರುವ ಪ್ರಸಂಗವೇ ಬರುವುದಿಲ್ಲ. ಮೊನೆ ಮೊಂಡಾದರೆ ಎಳೆಗಳು ಕೂಡಿಕೊಂಡು ಕೆಸರಾಗುತ್ತವೆ, ಆದ್ದರಿಂದ ನಿಮಿಷಕ್ಕೊಮ್ಮೆ ಚೂಪು ಮಾಡಿಕೊಳ್ಳುವ ತಾಳ್ಮೆ ಬೇಕು. ಕೊನೆಯಲ್ಲಿ ಬರ್ನಿಶ್ ಮಾಡುವ, ಅಂದರೆ ಒತ್ತಿ ತಿಕ್ಕಿ ನುಣುಪು ಮಾಡುವ ಆಸೆಯನ್ನಂತೂ ಹತ್ತಿಕ್ಕಿಕೊಳ್ಳಲೇಬೇಕು, ಬಿಳಿ ಪೆನ್ಸಿಲಿನಿಂದ ಒಮ್ಮೆ ತಿಕ್ಕಿದರೆ ನೇಯ್ಗೆ ಸತ್ತು ಪ್ಲಾಸ್ಟಿಕ್ ಹಾಳೆಯಂತಾಗುತ್ತದೆ. ನನ್ನ ಮೊದಲ ಚೌಕಕ್ಕೆ ಹನ್ನೊಂದು ದಿನ ಹಿಡಿಯಿತು, ಆ 43 ಸಂಜೆಗಳಲ್ಲಿ ಕಲಿಯದ್ದನ್ನು ಅದು ಕಲಿಸಿತು.

ಈ ವಿಧಾನ ಎಲ್ಲದಕ್ಕೂ ಒದಗುತ್ತದೆಂದು ನಾನು ಹೇಳುತ್ತಿಲ್ಲ. ಗೋಣಿಚೀಲ, ಕೌದಿ, ಬುಟ್ಟಿ, ಚಾಪೆ, ಜೋಳದ ತೆನೆ, ಇವುಗಳಿಗೆ ಸರಿ. ಹಣ್ಣಿನ ಸಿಪ್ಪೆಗೆ ಸಣ್ಣ ಸಣ್ಣ ಸುತ್ತುಗೆರೆಗಳೇ ಬೇಕು, ಲೋಹಕ್ಕೆ ಗಟ್ಟಿ ಅಂಚುಗಳೇ ಬೇಕು. ಇಳಕಲ್ ಸೀರೆ ಬರೆಯುವವರಿಗೆ ಒಂದು ಮಾತು: ಇಡೀ ಸೀರೆಯನ್ನು ಹರವಿಕೊಂಡು ಕೂರಬೇಡಿ. ಅದರ ‘ಟೋಪತೆನಿ’ ಎಂಬ ಕೆಂಪು-ಬಿಳಿ ಸೆರಗಿನಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆ ಹಾಕಿ ಜೋಡಿಸಿರುತ್ತಾರೆ. ಆ ಕೂಡುಗೆರೆಯನ್ನು ಮಾತ್ರ ಅಂಗೈಯಗಲ ಬರೆಯಿರಿ, ಸೆರಗಿನ ಬಿಳಿ ವಿನ್ಯಾಸವನ್ನು ಕಾಗದದಿಂದಲೇ ಉಳಿಸಿಕೊಳ್ಳಿ. ಕೆಂಪಿನ ಮೇಲೆ ಬಿಳಿ ಪೆನ್ಸಿಲ್ ಎಳೆದರೆ ಬರುವುದು ಗುಲಾಬಿ ಗೆರೆ, ಬಿಳಿಯಲ್ಲ. 

ಹಾಗಾದರೆ ಪ್ರತಿದಿನ ವಿಷಯ ಎಲ್ಲಿಂದ ತರುವುದು ಎಂಬುದು ನಿಮ್ಮ ನಿಜವಾದ ಪ್ರಶ್ನೆ. ಹಳೆಯ ಮದುವೆ ಕಾರ್ಡಿನಲ್ಲಿ ಮೂರು ಸೆಂಟಿಮೀಟರ್ ಅಗಲ, ನಾಲ್ಕು ಸೆಂಟಿಮೀಟರ್ ಉದ್ದದ ಕಿಟಕಿ ಕತ್ತರಿಸಿ ಜೇಬಿನಲ್ಲಿಟ್ಟುಕೊಳ್ಳಿ. ಅದನ್ನು ತೋಳುದ್ದ ಹಿಡಿದು ಅಡುಗೆಮನೆಯನ್ನೋ ಬಸ್ ನಿಲ್ದಾಣವನ್ನೋ ನೋಡಿದರೆ ‘ಅಡುಗೆಮನೆ’, ‘ಬಸ್ ನಿಲ್ದಾಣ’ ಎಂಬ ಹೆಸರುಗಳು ಅಳಿಸಿಹೋಗಿ ಬಣ್ಣದ ತುಂಡುಗಳು ಮಾತ್ರ ಉಳಿಯುತ್ತವೆ. ಜೊತೆಗೊಂದು ನೋಟ್‌ಬುಕ್ ಇರಲಿ. ಕಿಟಕಿಯಲ್ಲಿ ಕಂಡದ್ದರ ಮೂರು ಬಣ್ಣಗಳನ್ನು ಬೆರಳುಗುರಿನಷ್ಟು ಜಾಗದಲ್ಲಿ ತಿಕ್ಕಿ, ಪೆನ್ಸಿಲ್ ಸಂಖ್ಯೆ, ದಿನ, ಹೊತ್ತು ಬರೆದಿಡಿ. ನಾನು ಇಟ್ಟುಕೊಂಡಿರುವ ನಿಯಮವೇನೆಂದರೆ, ಆ ವಸ್ತುವಿಗೆ ಎಲ್ಲರೂ ಹೇಳುವ ಬಣ್ಣ ಆ ಮೂರರಲ್ಲಿ ಇರಕೂಡದು. ಬದನೆಕಾಯಿ ಎಂದರೆ ನೇರಳೆ ಎಂದು ಬರೆದವರು ಬದನೆಕಾಯಿಯನ್ನು ನೋಡಿಲ್ಲ. ಅದರ ಹೊಳಪಿನಲ್ಲಿ ಕಿಟಕಿಯಾಚೆಯ ಆಕಾಶದ ತಿಳಿನೀಲಿ, ಹೊಟ್ಟೆಯ ಕೆಳಗೆ ಕಟ್ಟೆಯಿಂದ ಪುಟಿದ ಕಂದು, ತೊಟ್ಟಿನ ಬಳಿ ಹಸಿರು ಇವೆ. ಫೋಟೊ ತೆಗೆದುಕೊಳ್ಳಿ, ಬೇಡವೆನ್ನುವುದಿಲ್ಲ, ಆದರೆ ಅದು ಆಕಾರಕ್ಕೆ ಮಾತ್ರ. ಮೊಬೈಲು ನೆರಳನ್ನು ಕಪ್ಪು ಮಾಡುತ್ತದೆ, ಬಿಸಿಲನ್ನು ಸುಟ್ಟ ಬಿಳುಪು ಮಾಡುತ್ತದೆ. ನೆರಳಿನ ಬಣ್ಣವನ್ನು ನೋಟ್‌ಬುಕ್ಕಿನಿಂದಲೇ ತೆಗೆದುಕೊಳ್ಳಬೇಕು. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ನೋಡುವುದಕ್ಕೂ ಹೋಗಬೇಡಿ, ಬೆಳಕು ನೆತ್ತಿಯ ಮೇಲಿಂದ ಬಿದ್ದು ಎಲ್ಲವೂ ಚಪ್ಪಟೆಯಾಗುತ್ತದೆ. ಬೆಳಿಗ್ಗೆ ಏಳರಿಂದ ಎಂಟೂವರೆ ನನ್ನ ಹೊತ್ತು.

ಕಳೆದ ವರ್ಷ ಎಲ್ಲಕ್ಕಿಂತ ಹೆಚ್ಚು ದಿನ ನನ್ನನ್ನು ಕೂರಿಸಿದ್ದು ಒಂದು ಜೋಳದ ರೊಟ್ಟಿ. ಮೊದಲು ಅದನ್ನು ಬಿಳಿ ಎಂದುಕೊಂಡಿದ್ದೆ, ಆಮೇಲೆ ಕೆನೆಬಣ್ಣ ಎಂದುಕೊಂಡೆ. ಹಿತ್ತಾಳೆ ತಾಟಿನಲ್ಲಿಟ್ಟು ಕಾರ್ಡಿನ ಕಿಟಕಿಯಿಂದ ನೋಡಿದಾಗ ಅದರ ಮೈಯಲ್ಲಿ ತೆಳುವಾದ ಬೂದುಹಸಿರೂ, ತಾಟಿನ ಅಂಚಿಗೆ ತಾಗಿದಲ್ಲಿ ಮಣ್ಣಿನ ಹಳದಿಯಾದ ಓಕರೂ ಇದ್ದವು. ಹಂಚಿನಲ್ಲಿ ಸೀದ ಚುಕ್ಕೆಗಳ ನಡುವೆ ಕಪ್ಪಿಲ್ಲ, ಕಡುಕಂದು ಇದೆ. ಅದರ ಸುತ್ತ ಕೂದಲೆಳೆಯಷ್ಟು ಕಿತ್ತಳೆ ಇದೆ. ತಟ್ಟುವಾಗ ಹಚ್ಚಿದ ಒಣ ಹಿಟ್ಟಿನ ಕಣಗಳಿಗೆ ಮತ್ತೆ ಅದೇ ಖಾಲಿ ಬಾಲ್‌ಪೆನ್. ಕಡಕ್ ರೊಟ್ಟಿಯನ್ನೇ ಆರಿಸಿಕೊಳ್ಳಿ, ವಾರವಿಟ್ಟರೂ ಕೆಡುವುದಿಲ್ಲ. ಬಿಸಿರೊಟ್ಟಿ ಕೂತಿರುವಾಗಲೇ ಮುದುಡುತ್ತದೆ, ಮನೆಯವರೂ ಕಾಯುವುದಿಲ್ಲ. ಹೊಸಬರು ಬಳ್ಳೊಳ್ಳಿಯಿಂದ ಆರಂಭಿಸಬಹುದು, ತಿಂಗಳುಗಟ್ಟಲೆ ಅಲುಗಾಡದೆ ಕೂರುವ ಮಾಡೆಲ್ ಅದು. ಇಂಡಿ ತಾಲ್ಲೂಕಿನ ನಿಂಬೆ ನಿಮ್ಮ ಜಿಲ್ಲೆಯದೇ ಆದರೂ ಅದಕ್ಕೆ ಈಗಲೇ ಕೈಹಾಕಬೇಡಿ. ಹಳದಿಯ ನೆರಳಿಗೆ ಕಪ್ಪು ತಾಗಿಸಿದೊಡನೆ ಅದು ಕೊಳೆತ ಹಸಿರಾಗುತ್ತದೆ. ಓಕರ್, ಆಲಿವ್, ಅದರ ಮೇಲೆ ಉಸಿರಿನಷ್ಟು ನೇರಳೆ, ಇದೇ ಕ್ರಮ, ಮತ್ತು ಪ್ರತಿಸಲ ಹಳದಿ ಪೆನ್ಸಿಲಿನ ತುದಿಯನ್ನು ಬೇರೆ ಹಾಳೆಯಲ್ಲಿ ತಿಕ್ಕಿ ಸ್ವಚ್ಛ ಮಾಡಿಕೊಳ್ಳಬೇಕು.

ಕಪ್ಪಿನ ಮಾತು ಬಂತು. ನೀವು ‘ದಿನವೂ ಕೆಲಸಕ್ಕೆ ಹೋಗುವಾಗ ಗೋಳಗುಮ್ಮಟದ ಮುಂದೆಯೇ ಹಾಯ್ದು ಹೋಗುತ್ತೇನೆ, ಆದರೆ ಅದರ ಚಿತ್ರವನ್ನು ಎಲ್ಲರೂ ಬರೆದಿದ್ದಾರೆ’ ಎಂದಿದ್ದೀರಿ. ಸುಮಾರು 44 ಮೀಟರ್ ವ್ಯಾಸದ ಆ ಗುಮ್ಮಟವನ್ನು ಎಲ್ಲರೂ ಬರೆದಿರುವುದು ನಿಜ, ಆದರೆ ಅದರ ಗೋಡೆಯ ಒಂದೇ ಒಂದು ಕಲ್ಲನ್ನು ಬರೆದವರನ್ನು ನಾನು ಕಂಡಿಲ್ಲ. ಅದು ಕಪ್ಪು ಬಸಾಲ್ಟು. ಬೆಳಗಿನಲ್ಲಿ ನಿಂತು ಅದಕ್ಕೆ ಇಂಡಿಗೊ, ಕಡುಕಂದು, ಬಾಟಲಿ ಹಸಿರು ಮೂರನ್ನೇ ಸರದಿಯಂತೆ ಹಾಕಿ ನೋಡಿ. ಮೂರೂ ಕೂಡಿ ಬರುವ ಕಪ್ಪಿಗೆ ಆಳವಿರುತ್ತದೆ, ಪೆಟ್ಟಿಗೆಯ ಕಪ್ಪಿನಂತೆ ತೂತು ಬಿದ್ದ ಹಾಗೆ ಕಾಣುವುದಿಲ್ಲ. ತೆಳು ಪದರಗಳಾದ್ದರಿಂದ ಬಿಳಿ ಪೊರೆಯ ಕಾಟವೂ ಕಡಿಮೆ.

ಪೆನ್ಸಿಲಿನ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ನೋಟ್‌ಬುಕ್ಕಿನ ಬಣ್ಣಗುರುತಿಗೆ ಡೋಮ್ಸ್ ಅಥವಾ ಕ್ಯಾಮ್ಲಿನ್ ಸಾಕು, ಬಸ್ಸಿನಲ್ಲಿ ಕಳೆದರೂ ಹೊಟ್ಟೆ ಉರಿಯುವುದಿಲ್ಲ. ಹಾಸು-ಹೊಕ್ಕಿಗೆ ಎಣ್ಣೆ ಆಧಾರಿತ ಪಾಲಿಕ್ರೋಮೋಸ್ ನನ್ನ ಆಯ್ಕೆ, ಮೊನೆ ನಿಲ್ಲುತ್ತದೆ. ಪ್ರಿಸ್ಮಾಕಲರ್ ಬೆಣ್ಣೆಯಂತೆ ಹರಿಯುತ್ತದೆ ನಿಜ, ಆದರೆ ಒಮ್ಮೆ ನೆಲಕ್ಕೆ ಬಿದ್ದರೆ ಒಳಗಿನ ಕಡ್ಡಿ ಮುರಿದು ಚೂಪು ಮಾಡಿದಾಗಲೆಲ್ಲ ಉದುರುತ್ತದೆ. ಮೇಣದ ಯಾವ ಪೆನ್ಸಿಲನ್ನೂ ನಮ್ಮ ಬೇಸಿಗೆಯಲ್ಲಿ ತಗಡಿನ ಮಾಡಿನ ಕೋಣೆಯಲ್ಲೋ ನಿಲ್ಲಿಸಿದ ಕಾರಿನಲ್ಲೋ ಇಡಬೇಡಿ. ಐವರಿ ಶೀಟ್ ಮೇಲೆ ಬರೆಯುವವರಿಗೆ ನನ್ನ ಬೈಗುಳ ಸದಾ ಇದ್ದೇ ಇದೆ, ಅದಕ್ಕೆ ಟೂತ್, ಅಂದರೆ ಬಣ್ಣ ಹಿಡಿಯುವ ಒರಟುತನ ಇಲ್ಲ, ಮೂರನೆಯ ಪದರವೇ ಜಾರುತ್ತದೆ. 200 ಜಿಎಸ್ಎಂಗಿಂತ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ಮೇಲಿನ ಒಳ್ಳೆಯ ಕಾಗದದ ಒಂದೇ ಹಾಳೆ ತಂದು ಹದಿನಾರು ತುಂಡು ಮಾಡಿಕೊಳ್ಳಿ. ಗುಲಾಬಿ, ನೇರಳೆಗಳು ಬೇಗ ಬಾಡುವ ಜಾತಿ. ಪಾಲಿಕ್ರೋಮೋಸಿನ ಮೈಮೇಲೆ, ಬೆಳಕಿಗೆ ಬಣ್ಣ ಬಾಡದೆಂದು ಸೂಚಿಸುವ ಮೂರು ನಕ್ಷತ್ರಗಳಿವೆಯೇ ನೋಡಿ. ನಂಬಿಕೆ ಬರದಿದ್ದರೆ ಬಣ್ಣದ ಪಟ್ಟಿಯ ಅರ್ಧವನ್ನು ಮುಚ್ಚಿ ಕಿಟಕಿಯ ಗಾಜಿಗೆ ಮೂರು ತಿಂಗಳು ಅಂಟಿಸಿಡಿ. ನನ್ನ ಮೊದಲ ಖಣದ ಚೌಕ ಈಗ ಹೆಚ್ಚುಕಡಿಮೆ ಬರೀ ನೀಲಿ.

ಬಾದಾಮಿಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಕ್ರಿ.ಶ. 578ರ ಶಾಸನವಿರುವ ಅಲ್ಲಿಯ ಮೂರನೆಯ ಗುಹೆಯ ಮುಂದೆ ನಿಂತು ಇಡೀ ಗುಹೆಯನ್ನು ಹಾಳೆಗೆ ಇಳಿಸಲು ಹೊರಟರೆ ಗಿಳಿಯ ಕಥೆಯೇ ಮರುಕಳಿಸುತ್ತದೆ, ಅಷ್ಟೆ. ಅಲ್ಲಿಯ ಮರಳುಗಲ್ಲಿನಲ್ಲಿ ಪದರ ಪದರವಾಗಿ ಪಟ್ಟೆಗಳಿವೆ. ಒಂದು ಅಂಗೈಯಗಲವನ್ನು ಬಿಸಿಲಿನಲ್ಲಿಯೂ ನೆರಳಿನಲ್ಲಿಯೂ ಎರಡು ಸಲ ಗುರುತು ಮಾಡಿಕೊಂಡು ಬನ್ನಿ, ಬಿಸಿಲಿನ ಕಿತ್ತಳೆ ನೆರಳಿಗೆ ಹೋದಾಗ ಕೆನ್ನೇರಳೆಗೆ ತಿರುಗುವುದನ್ನು ಮೂರು ಪೆನ್ಸಿಲಿನಲ್ಲಿ ಹಿಡಿಯಿರಿ. ಕಾರಿನಲ್ಲಲ್ಲ, ರೈಲಿನಲ್ಲಿ ಹೋಗಿ, ಕಿಟಕಿಯ ಪಕ್ಕ ಕುಳಿತುಕೊಳ್ಳಿ. ಆಲಮಟ್ಟಿಯ ನೀರು, ಬಾಗಲಕೋಟೆಯ ಆಸುಪಾಸಿನ ಎರೆಹೊಲ, ಗುಳೇದಗುಡ್ಡ ರೋಡ್ ದಾಟಿದ ಮೇಲೆ ಕೆಂಪೇರುವ ಗುಡ್ಡಗಳು, ಎಲ್ಲವೂ ನಿಮ್ಮ ಮದುವೆ ಕಾರ್ಡಿನ ಕಿಟಕಿಯಲ್ಲಿ ಹಾದುಹೋಗುತ್ತವೆ. ಮರಳುವಾಗ ಸಮಯವಿದ್ದರೆ ಗುಳೇದಗುಡ್ಡಕ್ಕೆ ಹೋಗಿ ಕುಪ್ಪಸದ ಒಂದು ಖಣ ತನ್ನಿ. ದೊಡ್ಡ ಬುಟ್ಟಾದ್ದು ಬೇಡ, ಸಣ್ಣ ಚಿಕ್ಕಿಯದ್ದು ಸಾಕು. ಹಾಸು ಹೊಕ್ಕುಗಳ ಬಣ್ಣ ಬೇರೆ ಬೇರೆ ಇರುವುದನ್ನೇ ಕೇಳಿ ತೆಗೆದುಕೊಳ್ಳಿ, ಅಂಗಡಿಯ ಟ್ಯೂಬ್‌ಲೈಟಿನ ಕೆಳಗಲ್ಲ, ಬಾಗಿಲಿಗೆ ತಂದು ಹಗಲಿನಲ್ಲಿ ಮಡಚಿ ನೋಡಿ.