ಭುಜದ ಹೊಲಿಗೆ ಕಲೆ ಉಬ್ಬಿರುವುದಕ್ಕೆ

ಭುಜದ ಹೊಲಿಗೆಯ ಕಲೆ ನಾಲ್ಕು ತಿಂಗಳಾದರೂ ಉಬ್ಬಿ, ಕೆಂಪಾಗಿ ತುರಿಸುತ್ತಿದೆ, ಹಚ್ಚುವ ಸಿಲಿಕೋನ್ ಜೆಲ್ ಬಟ್ಟೆಗೆ ಅಂಟುತ್ತಿದೆ, ಲೇಸರ್ ಮಾಡಿಸಬಹುದೇ ಎಂದು ಕೇಳಿದ್ದೀರಿ. ಬಹುಶಃ ಇದು ಹೈಪರ್‌ಟ್ರೋಫಿಕ್ ಕಲೆ, ಅಂದರೆ ಗಾಯದ ಗೆರೆಯೊಳಗೇ ದಪ್ಪವಾಗಿ ಉಬ್ಬುವ ಕಲೆ. ಭುಜದ ಚರ್ಮ ಸದಾ ಎಳೆತದಲ್ಲಿರುವುದರಿಂದ ಅಲ್ಲಿ ಕೊಲಾಜೆನ್ (ಚರ್ಮಕ್ಕೆ ಗಟ್ಟಿತನ ಕೊಡುವ ಪ್ರೋಟೀನ್) ಮಿತಿಮೀರಿ ಸೇರಿಕೊಳ್ಳುತ್ತದೆ. ನಾಲ್ಕು ತಿಂಗಳಾದರೂ ಕೆಂಪು, ತುರಿಕೆ ಇರುವುದು ಅದಕ್ಕೇ. ಉಬ್ಬು ಹೊಲಿಗೆಯ ಗೆರೆ ದಾಟಿ ಪಕ್ಕದ ಚರ್ಮಕ್ಕೂ ಹಬ್ಬಿದ್ದರೆ ಕೀಲಾಯ್ಡ್ ಇರಬಹುದು. ಕಣ್ಣಾರೆ ನೋಡದೆ ಖಚಿತವಾಗಿ ಹೇಳಲಾಗದು.

ಜೆಲ್ ಬಟ್ಟೆಗೆ ಅಂಟುತ್ತಿದೆ ಅಂದರೆ ನೀವು ದಪ್ಪ ಹಚ್ಚುತ್ತಿದ್ದೀರಿ. ಜಾಗ ತೊಳೆದು ಪೂರ್ತಿ ಒಣಗಿಸಿ, ತೀರಾ ತೆಳುವಾಗಿ ದಿನಕ್ಕೆರಡು ಸಲ ಹಚ್ಚಿ, ಐದು ನಿಮಿಷ ಒಣಗಲು ಬಿಡಿ. ಭುಜಕ್ಕಾದರೆ ಜೆಲ್‌ಗಿಂತ ಸಿಲಿಕೋನ್ ಶೀಟ್ (ಕಲೆಯ ಮೇಲೆ ಅಂಟಿಸುವ ಮೃದು ಹಾಳೆ) ವಾಸಿ: ಕಲೆಗಿಂತ ತುಸು ದೊಡ್ಡದಾಗಿ ಕತ್ತರಿಸಿ, ದಿನಕ್ಕೆ ಕನಿಷ್ಠ 12 ಗಂಟೆ, ಎರಡು ಮೂರು ತಿಂಗಳು. ಶೀಟನ್ನು ದಿನಾ ತೊಳೆಯದಿದ್ದರೆ ಬೆವರುಗುಳ್ಳೆ ಏಳಬಹುದು. ಬಿಸಿಲಿಗೆ ಬಿದ್ದರೆ ಕಲೆ ಕಪ್ಪಾಗುತ್ತದೆ, ಮುಚ್ಚಿಡಿ.

ಇಷ್ಟಾದರೂ ತಗ್ಗದಿದ್ದರೆ, ಅಥವಾ ಗೆರೆ ದಾಟಿದ್ದರೆ ಈಗಲೇ, ಚರ್ಮವೈದ್ಯರಲ್ಲಿ ಟ್ರಯಾಮ್ಸಿನೊಲೋನ್ (ಸ್ಟೀರಾಯ್ಡ್ ಔಷಧ) ಇಂಜೆಕ್ಷನ್ ಬಗ್ಗೆ ಕೇಳಿ. ಕಲೆಯೊಳಗೇ ಚುಚ್ಚುತ್ತಾರೆ, ಸಾಮಾನ್ಯವಾಗಿ 4ರಿಂದ 6 ವಾರಕ್ಕೊಮ್ಮೆ. ನೋವಿದೆ, ಡೋಸ್ ಹೆಚ್ಚಾದರೆ ಚರ್ಮ ತೆಳುವಾಗಿ, ಬಿಳಿಚಿಕೊಂಡು ಗುಳಿ ಬೀಳಬಹುದು.

ಲೇಸರ್ ಕೇಳಿದ್ದಿರಿ: ಕೆಂಪು ತಗ್ಗಿಸಲು ಪಲ್ಸ್ಡ್ ಡೈ ಲೇಸರ್ (ಕಲೆಯ ರಕ್ತನಾಳಗಳ ಮೇಲೆ ಕೆಲಸ ಮಾಡುವ ಲೇಸರ್) ಸರಿ, ದಪ್ಪ ಇಳಿಸಲು ಅದೊಂದೇ ಸಾಲದು. ಕೀಲಾಯ್ಡ್ ಆಗಿದ್ದರೆ ಬರೀ ಕತ್ತರಿಸಿ ತೆಗೆಸಲು ಒಪ್ಪಬೇಡಿ, ಮೊದಲಿಗಿಂತ ದೊಡ್ಡದಾಗಿ ಮರಳುವುದೇ ಹೆಚ್ಚು.