ನೆಲ ನಿಜಕ್ಕೂ ಡೊಂಕಿತ್ತು

ಸಿಯಾಟಲ್‌ನಲ್ಲಿ ನೆಲೆಸಿರುವ ಓದುಗರೊಬ್ಬರ ಪತ್ರ: "ಬೇಸ್‌ಬಾಲ್ ಆಟಗಾರ ಕೆನ್ ಗ್ರಿಫಿ ಜೂನಿಯರ್‌ನನ್ನು ಕಳೆದ ಸಂಚಿಕೆಯಲ್ಲಿ ಅತಿಯಾಗಿ ಹೊಗಳಿದ್ದೀರಿ. ಹ್ಯಾಂಕ್ ಆರನ್‌ನ 755 ಹೋಮ್ ರನ್ (ಚೆಂಡನ್ನು ಗಡಿಯಾಚೆ ಹೊಡೆಯುವುದು) ದಾಟಬೇಕಿದ್ದವನು 630ಕ್ಕೆ ನಿಂತ. ಅವನದು ಗಾಜಿನ ಮೈ. ಅದಕ್ಕೆ ಮೈದಾನವನ್ನು ದೂರಿದರೆ, ಕುಣಿಯಲು ಬಾರದವಳು ನೆಲ ಡೊಂಕು ಅಂದ ಹಾಗಾಯಿತು."

ಉತ್ತರ: ಗಾದೆ ಚೆನ್ನಾಗಿದೆ. ಗ್ರಿಫಿ ಕಸರತ್ತಿನ ಮನುಷ್ಯನಲ್ಲ ಎಂಬ ದೂರು ಅವನ ಕಾಲದಲ್ಲೇ ಇತ್ತು, ಅದರಲ್ಲಿ ಹುರುಳಿಲ್ಲದೆಯೂ ಇಲ್ಲ. ನನ್ನ ಒಪ್ಪಿಗೆ ಇಷ್ಟಕ್ಕೇ ಮುಗಿಯಿತು. ಏಕೆಂದರೆ ಕೆಲವು ಸಲ ನೆಲ ನಿಜಕ್ಕೂ ಡೊಂಕಿರುತ್ತದೆ, ಸ್ವಾಮಿ.

1995ರ ಮೇ 26, ನಿಮ್ಮೂರಿನದೇ ಮೈದಾನ ಕಿಂಗ್‌ಡೋಮ್. ಬಾಲ್ಟಿಮೋರ್‌ನ ಕೆವಿನ್ ಬಾಸ್ ಹೊಡೆದ ಚೆಂಡನ್ನು ಗ್ರಿಫಿ ಓಡುತ್ತಲೇ ಹಿಡಿದ. ಅವನು ಎಡಗೈಯಲ್ಲಿ ಎಸೆಯುವವನಾದ್ದರಿಂದ ಗ್ಲೌಸ್ ಇದ್ದದ್ದು ಬಲಗೈಗೆ. ಗೋಡೆಗೆ ಬಡಿದದ್ದು ಬರಿಯ ಎಡಗೈ. ಇಡೀ ಮೈಯ ಭಾರ, ಓಟದ ವೇಗ, ಎರಡೂ ಆ ಮಣಿಕಟ್ಟಿನ ಮೇಲೆ. ಒಂದು ಲೋಹದ ಪಟ್ಟಿ, 7 ಸ್ಕ್ರೂ, 73 ಪಂದ್ಯ ಆಡದೆ ಮನೆಯಲ್ಲಿ. ಚೆಂಡು ಮಾತ್ರ ಗ್ಲೌಸ್ ಬಿಟ್ಟಿರಲಿಲ್ಲ.

ಇಲ್ಲಿ ಗಾಜು ಎಲ್ಲಿದೆ? ಕ್ರಿಕೆಟ್‌ನಲ್ಲಿ ಬೌಂಡರಿ ಹಗ್ಗ ಬೇಲಿಗಿಂತ ಒಳಗೇ ಇರುತ್ತದೆ, ಜಾರಿಬಿದ್ದರೂ ಹುಲ್ಲಿನ ಮೇಲೆ. ಬೇಸ್‌ಬಾಲ್‌ನಲ್ಲಿ ಗಡಿ ಎಂದರೆ ಗೋಡೆಯೇ. ಅದಕ್ಕೆ ಮುಂಚೆ ಸುಮಾರು 15 ಅಡಿ ಅಗಲದ ಮಣ್ಣಿನ ಪಟ್ಟಿ ಇರುತ್ತದೆ, ವಾರ್ನಿಂಗ್ ಟ್ರ್ಯಾಕ್. ಕಣ್ಣು ಚೆಂಡಿನ ಮೇಲಿರುವಾಗ ಗೋಡೆ ಬಂತು ಎಂದು ಪಾದಕ್ಕೆ ತಿಳಿಯಲಿ ಎಂಬುದೇ ಅದರ ಉದ್ದೇಶ. ಆದರೆ ಲೆಕ್ಕ ಹಾಕಿ: ಒಳ್ಳೆಯ ಔಟ್‌ಫೀಲ್ಡರ್ (ಗಡಿಯ ಕಡೆ ನಿಂತು ಚೆಂಡು ಹಿಡಿಯುವವನು) ಸೆಕೆಂಡಿಗೆ 27 ಅಡಿ ಓಡುತ್ತಾನೆ. 15 ಅಡಿಗೆ ಅರ್ಧ ಸೆಕೆಂಡಿಗಿಂತ ಚೂರು ಹೆಚ್ಚು. ಎರಡು-ಮೂರು ಹೆಜ್ಜೆ.

ತರಬೇತುದಾರರು ಕಲಿಸುವುದು ಹೀಗೆ: ಪಂದ್ಯಕ್ಕೆ ಮುಂಚೆ ನಿಂತ ಜಾಗದಿಂದ ಗೋಡೆಗೆ ಹೆಜ್ಜೆ ಎಣಿಸು. ಚೆಂಡು ತಲೆಯ ಮೇಲೆ ಹೋದರೆ ಮೊದಲು ಗೋಡೆಗೆ ಹೋಗಿ, ಖಾಲಿ ಕೈಯಿಂದ ತಡವಿ, ಆಮೇಲೆ ಮುಂದೆ ಬಂದು ಜಿಗಿ. ಚೆಂಡು ಎತ್ತರಕ್ಕೆ ಹೋಗಿ ನಿಧಾನವಾಗಿ ಇಳಿದರೆ ಇದೆಲ್ಲ ಸರಿ. ನೇರವಾಗಿ ಸಿಡಿದು ಬಂದರೆ ತಡವುವ ಪುರುಸೊತ್ತಿಲ್ಲ. ಆಗ ಭುಜ, ಸೊಂಟ ಅಡ್ಡ ಕೊಟ್ಟು ಗೋಡೆಗೆ ತಾಗಬೇಕು. ಆದರೆ ಬೀಳುವವನ ಕೈ ಯಾರ ಅಪ್ಪಣೆಯನ್ನೂ ಕೇಳದೆ ಮುಂದೆ ಚಾಚುತ್ತದೆ. ಗ್ರಿಫಿಗೂ ಆದದ್ದು ಅದೇ.

ಕಿಂಗ್‌ಡೋಮ್‌ನ ನೆಲವೋ, ಕಾಂಕ್ರೀಟಿನ ಮೇಲೆ ಹಾಸಿದ ಕೃತಕ ಹುಲ್ಲು. 1989ರಿಂದ 1999ರ ಜೂನ್‌ವರೆಗೆ ಅದರ ಮೇಲೆ ಓಡಿದ ಕಾಲುಗಳು ಅವು. 1996ರಲ್ಲಿ ಬಲ ಅಂಗೈಯ ಹ್ಯಾಮೇಟ್ ಮೂಳೆ ಮುರಿಯಿತು. ಕಿರುಬೆರಳಿನ ಬುಡದಲ್ಲಿ ಕೊಕ್ಕೆಯಂತಿರುವ ಆ ಮೂಳೆಗೆ ಬ್ಯಾಟಿನ ಗುಬಟು ಒತ್ತುತ್ತದೆ. ಎಡಗೈ ಬ್ಯಾಟರ್‌ಗೆ ಬ್ಯಾಟಿನ ತುದಿ ಹಿಡಿಯುವುದು ಬಲಗೈ. ಇದು ಕಸುಬಿನ ಗಾಯ, ದೌರ್ಬಲ್ಯವಲ್ಲ. ಆ ವರ್ಷವೂ 49 ಹೋಮ್ ರನ್ ಹೊಡೆದ. ಮುಂದಿನ ಎರಡು ವರ್ಷ 56, 56.

ಸಿನ್ಸಿನಾಟಿ ತಂಡಕ್ಕೆ ಹೋದ ಮೇಲಿನ ವರ್ಷಗಳನ್ನು ನೀವು ಎತ್ತಿ ತೋರಿಸಿದ್ದೀರಿ, ಸರಿ. 2001ರಿಂದ 2004ರವರೆಗೆ 648 ಪಂದ್ಯಗಳಲ್ಲಿ ಆಡಿದ್ದು 317, ಹೋಮ್ ರನ್ 63. ಹ್ಯಾಮ್‌ಸ್ಟ್ರಿಂಗ್, ಮಂಡಿಚಿಪ್ಪಿನ ಸ್ನಾಯುರಜ್ಜು, ಕಳಚಿದ ಭುಜ, ಹರಿದ ಕಣಕಾಲು. ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಹರಿಯುವ ರೀತಿ ನೋಡಿ. ಔಟ್‌ಫೀಲ್ಡರ್ ಹತ್ತು ನಿಮಿಷ ಸುಮ್ಮನೆ ನಿಂತಿರುತ್ತಾನೆ, ಮರುಕ್ಷಣ ಪೂರ್ತಿ ವೇಗ. ಮುಂದಕ್ಕೆ ಬೀಸಿದ ಕಾಲು ನೆಲ ಮುಟ್ಟುವ ಮುಂಚೆ ಅದನ್ನು ಹಿಡಿದು ನಿಲ್ಲಿಸುವ ಕೆಲಸ ಆ ಸ್ನಾಯುವಿನದು, ಎಳೆಯಲ್ಪಡುತ್ತಲೇ ಬಿಗಿಯಬೇಕು. ಒಮ್ಮೆ ಹರಿದ ಜಾಗ ಗಡುಸಾಗಿ ಕೂಡುತ್ತದೆ, ಎಳೆತವೆಲ್ಲ ಪಕ್ಕದ ಎಳೆಗೆ ಬೀಳುತ್ತದೆ. 2004ರಲ್ಲಿ ಅದು ಮೂಳೆಯಿಂದಲೇ ಕಿತ್ತುಬಂತು, 3 ಟೈಟಾನಿಯಂ ಸ್ಕ್ರೂ ಹಾಕಿ ಕೂಡಿಸಿದರು. ಮರುವರ್ಷ 35 ಹೋಮ್ ರನ್! ಗಾಜು ಹೀಗೆ ಮರುಕೂಡುವುದನ್ನು ನಾನಂತೂ ಕೇಳಿಲ್ಲ.

ಹಳಬರು ಗಟ್ಟಿಗರು ಎಂದೂ ಬರೆದಿದ್ದೀರಿ. ಬ್ರೂಕ್ಲಿನ್ ಡಾಡ್ಜರ್ಸ್‌ನ ಪೀಟ್ ರೈಸರ್ ಗಟ್ಟಿಗನೇ. 1941ರಲ್ಲಿ .343 ಬ್ಯಾಟಿಂಗ್ ಸರಾಸರಿಯಿಂದ ಲೀಗಿಗೇ ಮೊದಲಿಗ, ವಯಸ್ಸು 22. ಮರುವರ್ಷ ಸೇಂಟ್ ಲೂಯಿಸ್‌ನಲ್ಲಿ ಬರಿಯ ಕಾಂಕ್ರೀಟ್ ಗೋಡೆಗೆ ತಲೆ ಬಡಿಯಿತು. 1947ರಲ್ಲಿ ತವರು ಮೈದಾನದ ಗೋಡೆಗೆ ಎಂಥ ಪೆಟ್ಟೆಂದರೆ ಪಾದ್ರಿಯನ್ನು ಕರೆಸಿ ಕೊನೆಗಾಲದ ಪ್ರಾರ್ಥನೆ ಮಾಡಿಸಿದರು. ಗೋಡೆಗೆ ಫೋಮ್ ಹೊದಿಸುವ ಬುದ್ಧಿ ಬಂದದ್ದು ಆಮೇಲೆ. ಮಿಕಿ ಮ್ಯಾಂಟಲ್, 19ರ ಹುಡುಗ, 1951ರ ವರ್ಲ್ಡ್ ಸೀರೀಸ್‌ನಲ್ಲಿ (ವರ್ಷದ ಅಂತಿಮ ಸರಣಿ) ಗೋಡೆಗೂ ಹೋಗಲಿಲ್ಲ. ಚೆಂಡು ನನ್ನದು ಎಂದ ತನ್ನದೇ ತಂಡದ ಹಿರಿಯ ಆಟಗಾರ ಡಿಮ್ಯಾಜಿಯೊಗೆ ದಾರಿ ಬಿಡಲು ತಡೆದು ನಿಂತ, ಬೂಟಿನ ಮುಳ್ಳು ಚರಂಡಿ ಮುಚ್ಚಳಕ್ಕೆ ಸಿಕ್ಕಿತು, ಮಂಡಿ ಹೋಯಿತು. ಮುಂದಿನ 17 ವರ್ಷ ಆಡಿದ್ದು ಆ ಮಂಡಿಯಲ್ಲಿ.

ಈಗ ಎಲ್ಲ ಸುಧಾರಿಸಿದೆ ಅನ್ನುತ್ತೀರೇನೋ. 2017ರಲ್ಲಿ ಡಸ್ಟಿನ್ ಫೌಲರ್ ಶಿಕಾಗೋದಲ್ಲಿ ತನ್ನ ಮೊದಲ ಪಂದ್ಯದ ಮೊದಲ ಇನ್ನಿಂಗ್ಸ್‌ನಲ್ಲೇ, ಒಂದು ಸಲವೂ ಬ್ಯಾಟ್ ಮಾಡುವ ಮುಂಚೆ, ಗೋಡೆಯ ಬಳಿಯ ಕರೆಂಟ್ ಪೆಟ್ಟಿಗೆಗೆ ಮಂಡಿ ಬಡಿದು ಬಿದ್ದ. 2023ರಲ್ಲಿ ಆರನ್ ಜಡ್ಜ್ ಲಾಸ್ ಏಂಜಲಿಸ್‌ನಲ್ಲಿ ಕ್ಯಾಚ್ ಹಿಡಿದು ಬೇಲಿಯ ಬಾಗಿಲನ್ನೇ ಒಡೆದುಕೊಂಡು ಹೋದ. ಬಾಗಿಲಿಗೆ ಪ್ಯಾಡ್ ಇತ್ತು, ಬುಡದ ಕಾಂಕ್ರೀಟ್ ಅಂಚಿಗೆ ಇರಲಿಲ್ಲ. ಕಾಲಿನ ಹೆಬ್ಬೆರಳಿಗೆ ಪೆಟ್ಟು, 42 ಪಂದ್ಯ ಹೋಯಿತು.

ನಿಮ್ಮೊಬ್ಬರ ಮೇಲೆ ನನಗೆ ಸಿಟ್ಟಿಲ್ಲ, ಈ ಚಾಳಿ ಎಲ್ಲ ಕಡೆ ಇದೆ. ಬೆಂಗಳೂರಿನ ರಸ್ತೆಗುಂಡಿಯಲ್ಲಿ ಬೈಕ್ ಉರುಳಿದರೆ ಸುತ್ತ ನೆರೆದವರ ಮೊದಲ ಮಾತು, "ನೋಡ್ಕೊಂಡು ಹೋಗ್ಬಾರ್ದಾ?" ಪ್ರೆಸ್ ಮಷೀನಿನಲ್ಲಿ ಬೆರಳು ಹೋದರೆ, "ಗಮನ ಎಲ್ಲಿತ್ತು?" ಮಷೀನಿಗೆ ಗಾರ್ಡ್ ಇತ್ತೇ ಎಂದು ಕೇಳುವವರು ಸರದಿಯಲ್ಲಿ ಎಷ್ಟನೆಯವರೋ. ಬಿದ್ದವನ ಮೈಯನ್ನು ತಪಾಸಣೆ ಮಾಡುವುದು ಪುಕ್ಕಟೆ, ಗೋಡೆಗೆ ಪ್ಯಾಡ್ ಹೊಲಿಸಲು ದುಡ್ಡು ಬೇಕು.

ಕಿಂಗ್‌ಡೋಮನ್ನು 2000ದಲ್ಲಿ ಸಿಡಿಮದ್ದಿಟ್ಟು ಕೆಡವಿದರು, ಆ ಗೋಡೆಯನ್ನು ಈಗ ವಿಚಾರಿಸುವಂತಿಲ್ಲ. ಮುಂದಿನ ಸಲ ನಿಮ್ಮೂರಿನ ಈಗಿನ ಮೈದಾನ ಟಿ-ಮೊಬೈಲ್ ಪಾರ್ಕ್‌ಗೆ ಪಂದ್ಯ ನೋಡಲು ಹೋದರೆ ಒಂದು ಗಂಟೆ ಮುಂಚೆ ಹೋಗಿ, ಔಟ್‌ಫೀಲ್ಡ್ ಬದಿಯ ಸೀಟಿನಿಂದ ಬಗ್ಗಿ ನೋಡಿ. ಪ್ಯಾಡಿನ ಕೆಳಅಂಚು ನೆಲಕ್ಕೆ ತಾಗಿದೆಯೇ, ನಡುವೆ ಸಂದಿ ಬಿಟ್ಟಿದ್ದಾರೆಯೇ? ಬರೆದು ತಿಳಿಸಿ, ಅಚ್ಚು ಹಾಕುತ್ತೇನೆ.

— ಸಂ.